ಬೀಸ್ಟನ್ನಿನ ಲೇತು, ವೇಲ್ಸಿನ ಕಲ್ಲಿದ್ದಲು

ನಾಟಿಂಗ್‌ಹ್ಯಾಮಿಗೆ ಅಂಟಿಕೊಂಡಿರುವ ಬೀಸ್ಟನ್ ಎಂಬ ಊರಿನಲ್ಲಿ ಮೈಫರ್ಡ್ ಕಂಪನಿಯ ಕಾರ್ಖಾನೆ ಇತ್ತು. 1934ರಲ್ಲಿ ಹುಟ್ಟಿದ ಆ ಕಂಪನಿ ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೇ ಎಂಎಲ್-7 ಎಂಬ ಪುಟ್ಟ ಲೇತನ್ನು ತಂದಿತು. ಹಿತ್ತಿಲ ಶೆಡ್ಡಿನಲ್ಲಿ ಉಗಿ ಎಂಜಿನ್ ಕಟ್ಟುವ ಇಂಗ್ಲೆಂಡಿನ ಹವ್ಯಾಸಿಗಳಿಗೆ ಮುಂದಿನ ಅರ್ಧ ಶತಮಾನ ಲೇತ್ ಎಂದರೆ ಅದೇ. ಎಂಬತ್ತರ ದಶಕದಲ್ಲಿ ನಾನು ಕೆಲಸಕ್ಕೆಂದು ನಾಟಿಂಗ್‌ಹ್ಯಾಮಿಗೆ ಬಂದಾಗ ಆ ಕಾರ್ಖಾನೆ ಇನ್ನೂ ಜೋರಾಗಿ ನಡೆಯುತ್ತಿತ್ತು. ಮೂವತ್ತು ವರ್ಷ ಬಳಸಿ ಸವೆದ ಲೇತನ್ನು ಅಲ್ಲಿಗೇ ಒಯ್ದು ಮತ್ತೆ ಸಾಣೆ ಹಿಡಿಸಿಕೊಂಡು ಬರುವವರಿದ್ದರು. ಹೊಸದನ್ನು ಕೊಳ್ಳುವ ಯೋಚನೆಯೇ ಅವರಿಗೆ ಬರುತ್ತಿರಲಿಲ್ಲ.

ಈ ಉಗಿ ಎಂಜಿನ್ನುಗಳು ಗೂಡಿನಲ್ಲಿಟ್ಟು ನೋಡುವ ಆಟಿಕೆಗಳಲ್ಲ. ಇಂಥ ಹವ್ಯಾಸಿಗಳ ನಮ್ಮ ಕ್ಲಬ್ಬಿನ ಹಳಿಗಳ ನಡುವಿನ ಅಂತರ 5 ಇಂಚು. ಅದರ ಮೇಲೆ ಓಡುವ ಎಂಜಿನ್ ನಿಜವಾದದ್ದರ ಸುಮಾರು ಹನ್ನೊಂದನೇ ಒಂದು ಪಾಲು. ಬಾಯ್ಲರು ತಾಮ್ರದ್ದು. ಒಳಗೆ ನಿಜವಾದ ಕಲ್ಲಿದ್ದಲು ಉರಿಯುತ್ತದೆ, ನಿಜವಾದ ನೀರು ಕುದಿಯುತ್ತದೆ, ಚದರ ಇಂಚಿಗೆ 80 ಪೌಂಡಿನಷ್ಟು ಒತ್ತಡ ಏರುತ್ತದೆ. ಓಡಿಸುವವನು ಹಿಂದಿನ ಟ್ರಾಲಿಯಲ್ಲಿ ಕೂರುತ್ತಾನೆ. ಭಾನುವಾರ ಪಾರ್ಕಿಗೆ ಬಂದ ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಆ ಎಂಜಿನ್ ಏರು ಹತ್ತುತ್ತದೆ.

ಇಷ್ಟು ಸಣ್ಣ ಬಾಯ್ಲರಿನಲ್ಲಿ ಕಲ್ಲಿದ್ದಲು ಉರಿಸಿ ದೊಡ್ಡವರನ್ನು ಎಳೆಯಬಹುದು ಎಂಬುದನ್ನು ಬಹಳ ಜನ ನಂಬದ ಕಾಲವೊಂದಿತ್ತು. 1898ರಿಂದ ಬರುತ್ತಿದ್ದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆಯಲ್ಲಿ 1920ರ ದಶಕದಲ್ಲಿ ಈ ಬಗ್ಗೆ ದೊಡ್ಡ ಜಗಳವೇ ನಡೆಯಿತು. ‘ಎಲ್‌ಬಿಎಸ್‌ಸಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಲಾರೆನ್ಸ್ ಎಂಬುವರು ತಮ್ಮ ಎಂಜಿನನ್ನೇ ಓಡಿಸಿ ತೋರಿಸಿ ವಾದ ಗೆದ್ದರು. ಆಮೇಲೆ 1967ರಲ್ಲಿ ತೀರಿಕೊಳ್ಳುವವರೆಗೂ ಅವರ ಜೀವನವೆಲ್ಲ ಎಂಜಿನ್ ಕಟ್ಟುವುದನ್ನು ಕಂತುಕಂತಾಗಿ ಕಲಿಸುವುದರಲ್ಲೇ ಕಳೆಯಿತು. ಪಕ್ಕದಲ್ಲಿ ನಿಂತು ತೋರಿಸಿದ ಹಾಗಿರುತ್ತಿತ್ತು ಅವರ ಬರಹ. ಎಂಜಿನಿಯರಿಂಗ್ ಓದದ ಎಷ್ಟೋ ಜನ ಅದನ್ನು ನಂಬಿಯೇ ಅರ ಹಿಡಿದರು. ಒಂದು ಹವ್ಯಾಸಕ್ಕೆ ಇಂಥ ಮೇಷ್ಟ್ರು ಸಿಗುವುದು ಅಪರೂಪ.

ನಾನು ಕಟ್ಟಿದ್ದು ಮಾರ್ಟಿನ್ ಇವಾನ್ಸ್ ರೂಪಿಸಿದ ‘ಸಿಂಪ್ಲೆಕ್ಸ್’ ಎಂಬ ಆರು ಗಾಲಿಯ ಟ್ಯಾಂಕ್ ಎಂಜಿನ್. ಬಾಯ್ಲರು ಕಲಿಸಿದವರು ಕ್ಲಬ್ಬಿನ ಒಬ್ಬ ಹಿರಿಯರು. ಡರ್ಬಿಯ ರೈಲ್ವೆ ಕಾರ್ಖಾನೆಯಲ್ಲಿ ಹುಡುಗನಾಗಿದ್ದಾಗಲೇ ಕೆಲಸಕ್ಕೆ ಸೇರಿದವರು. ನಾನು ಮನೆಯಲ್ಲಿ ಅವರನ್ನು ಡರ್ಬಿ ಯಜಮಾನರು ಎಂದೇ ಹೇಳುತ್ತಿದ್ದೆ. ತಾಮ್ರದ ತಗಡನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಮೆದುವಾಗುತ್ತದೆ. ಉಕ್ಕಿನ ಅಚ್ಚಿನ ಮೇಲಿಟ್ಟು ಅಂಚನ್ನು ಸುತ್ತಿಗೆಯಿಂದ ಬಗ್ಗಿಸಬೇಕು. ಬಡಿದಷ್ಟೂ ತಾಮ್ರ ಗಟ್ಟಿಯಾಗುತ್ತ ಹೋಗುತ್ತದೆ. “ಸದ್ದು ಬದಲಾಯ್ತು ನೋಡು, ಈಗ ನಿಲ್ಲಿಸು, ಮತ್ತೆ ಕಾಯಿಸು” ಎನ್ನುತ್ತಿದ್ದರು. ಆ ಸದ್ದು ಗೊತ್ತಿಲ್ಲದೆ ಬಡಿಯುತ್ತ ಹೋದರೆ ಅಂಚು ಬಿರುಕು ಬಿಡುತ್ತದೆ. ಅದನ್ನು ಯಾವ ನಕ್ಷೆಯಲ್ಲೂ ಬರೆದು ತೋರಿಸಲಾಗದು.

ಒಂದು ಬೇಸಿಗೆ ಅಪ್ಪ ಬಂದಿದ್ದರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು, ಇಂಗ್ಲಿಷ್ ಮಾತು ಕಮ್ಮಿ. ಟ್ರ್ಯಾಕಿನ ಬಳಿ ಕರೆದುಕೊಂಡು ಹೋದರೆ, ಓಡಿ ಬಂದು ನಿಂತ ಎಂಜಿನಿನ ಅಚ್ಚಿನ ಬೇರಿಂಗುಗಳನ್ನು ಮೊದಲು ಕೈಯಿಂದ ಮುಟ್ಟಿ ಬಿಸಿ ನೋಡಿದರು. ಡರ್ಬಿ ಯಜಮಾನರು ಅದನ್ನು ಕಂಡವರೇ ಬಂದು ಪಕ್ಕದಲ್ಲಿ ಕೂತರು. ಕ್ರಾಸ್‌ಹೆಡ್, ಗ್ಲ್ಯಾಂಡ್, ಬಿಗ್ ಎಂಡ್ ಅಂತ ಭಾಗಗಳ ಹೆಸರಿನಲ್ಲೇ ಇಬ್ಬರ ಮಾತೂ ಸಂಜೆಯವರೆಗೆ ನಡೆಯಿತು.

ಕಟ್ಟುವುದಕ್ಕಿಂತ ಕಾಪಾಡುವುದೇ ಈ ಹವ್ಯಾಸದ ದೊಡ್ಡ ಪಾಲು ಎನ್ನುವುದು ಹೊಸಬರಿಗೆ ತಿಳಿಯುವುದು ತಡವಾಗಿ. ಚಿಮಣಿಯ ಮೇಲೆ ಕರೆಂಟಿನ ಸಣ್ಣ ಫ್ಯಾನ್ ಕೂರಿಸಿ, ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲಿಂದ ಬೆಂಕಿ ಹಚ್ಚಿ ಉಗಿ ಏರಿಸುವ ಸಂಭ್ರಮ ಎಲ್ಲರಿಗೂ ಇಷ್ಟ. ಸಂಜೆಯ ಕೆಲಸಕ್ಕೆ ಕೈಗಳು ಕಮ್ಮಿ. ಬಿಸಿ ಆರುವ ಮೊದಲೇ ಬಾಯ್ಲರಿನ ನೀರನ್ನು ಬಿಡಬೇಕು, ಟ್ಯೂಬುಗಳಿಗೆ ಒಂದೊಂದಾಗಿ ಬ್ರಷ್ ಹಾಕಬೇಕು, ಮುಂದಿನ ಹೊಗೆಗೂಡಿನ ಬೂದಿ ತೆಗೆಯಬೇಕು, ಸಿಲಿಂಡರಿಗೆ ದಪ್ಪ ಎಣ್ಣೆ, ಬೇರಿಂಗುಗಳಿಗೆ ತೆಳು ಎಣ್ಣೆ. ಬಾಯ್ಲರಿಗೆ ನೀರು ತಳ್ಳುವ ಇಂಜೆಕ್ಟರಿನ ರಂಧ್ರ ಸೂಜಿಯಷ್ಟು ಸಣ್ಣದು. ನಲ್ಲಿನೀರಿನ ಸುಣ್ಣ ಒಂದಿಷ್ಟು ಕಟ್ಟಿದರೂ ಅದು ನೀರು ಎತ್ತುವುದಿಲ್ಲ. ಅದಕ್ಕೇ ನಾವು ಮಳೆನೀರು ಹಿಡಿದಿಡುತ್ತೇವೆ, ಇಂಜೆಕ್ಟರನ್ನು ಆಗಾಗ ವಿನಿಗರಿನಲ್ಲಿ ನೆನೆಹಾಕುತ್ತೇವೆ. ಚಳಿಗಾಲದಲ್ಲಿ ಪಂಪಿನೊಳಗೆ ಒಂದು ಗುಟುಕು ನೀರು ಉಳಿದರೂ ಹೆಪ್ಪುಗಟ್ಟಿ ಪಂಪನ್ನು ಸೀಳಿಬಿಡುತ್ತದೆ.

ಇನ್ನು ಪರೀಕ್ಷೆ. 80 ಪೌಂಡಿನಲ್ಲಿ ಓಡಬೇಕಾದ ಹೊಸ ಬಾಯ್ಲರಿಗೆ ತಣ್ಣೀರು ತುಂಬಿ 160 ಪೌಂಡಿನವರೆಗೆ ಒತ್ತುತ್ತಾರೆ. ನೀರು ಅದುಮಿದರೂ ಕುಗ್ಗದ ವಸ್ತುವಾದ್ದರಿಂದ ಎಲ್ಲಾದರೂ ಬಿಟ್ಟುಕೊಂಡರೆ ಬರೀ ಜಿನುಗುತ್ತದೆ, ಸಿಡಿಯುವುದಿಲ್ಲ. ಅದು ದಾಟಿದ ಮೇಲೆಯೇ ಉಗಿಯ ಪರೀಕ್ಷೆ, ಸೇಫ್ಟಿ ವಾಲ್ವಿನ ಪರೀಕ್ಷೆ, ಕೊನೆಗೆ ಸರ್ಟಿಫಿಕೇಟು. ಅದಿಲ್ಲದೆ ಯಾವ ಕ್ಲಬ್ಬಿನ ಹಳಿಯನ್ನೂ ಹತ್ತುವಂತಿಲ್ಲ. ಎಷ್ಟೆಲ್ಲ ಬದಲಾದರೂ ಈ ಶಿಸ್ತು ಮಾತ್ರ ಕದಲಿಲ್ಲ. ನನಗೆ ಇದರ ಬಗ್ಗೆ ತುಂಬ ಹೆಮ್ಮೆ.

ಬದಲಾದದ್ದು ಮೊದಲು ಜನ. ಡರ್ಬಿಯ ಎಂಜಿನ್ ಕಾರ್ಖಾನೆ 1990ರಲ್ಲಿ ಮುಚ್ಚಿತು. ನಾಟಿಂಗ್‌ಹ್ಯಾಮಿನ ರ‍್ಯಾಲಿ ಸೈಕಲ್ ಕಾರ್ಖಾನೆ 2002ರಲ್ಲಿ ನಿಂತಿತು. ಕ್ಲಬ್ಬಿಗೆ ಬರುತ್ತಿದ್ದ ಹಿರಿಯರಲ್ಲಿ ಹೆಚ್ಚಿನವರು ಇಂಥ ಕಡೆ ಕೈ ಪಳಗಿಸಿಕೊಂಡವರು. ಅವರು ಹೋದಂತೆ ಆ ಜಾಗಕ್ಕೆ ಅಂಥವರು ಬರಲಿಲ್ಲ. 2011ರಲ್ಲಿ ಮೈಫರ್ಡ್ ಕೂಡ ಬೀಸ್ಟನ್ನಿನಲ್ಲಿ ಬಾಗಿಲು ಹಾಕಿತು. ಹೆಸರನ್ನು ಯಾರ್ಕ್‌ಷೈರಿನ ವ್ಯಾಪಾರಿಗಳು ಕೊಂಡರು. ಎರಕದ ಸಿಲಿಂಡರು, ಗಾಲಿ ಮಾರುತ್ತಿದ್ದ ಅಂಗಡಿಗಳೂ ಒಂದೊಂದಾಗಿ ಕಡಿಮೆಯಾದವು.

ಲೇಸರಿನಲ್ಲಿ ಕತ್ತರಿಸಿದ ಫ್ರೇಮು, ಕಂಪ್ಯೂಟರಿನ ನಕ್ಷೆ ಬಂದದ್ದಕ್ಕೆ ನನ್ನ ತಕರಾರಿಲ್ಲ. ಕಾಲಿಂಚು ದಪ್ಪದ ಉಕ್ಕನ್ನು ವಾರಗಟ್ಟಲೆ ಗರಗಸದಲ್ಲಿ ಕೊಯ್ದವರಾರೂ ಲೇಸರನ್ನು ಬೈಯಲಾರರು. ಸಿದ್ಧ ಎಂಜಿನ್ ಕೊಂಡು ತಂದವರನ್ನೂ ನಾನು ದೂರುವುದಿಲ್ಲ. ಇಂಜೆಕ್ಟರು ಕೈಕೊಟ್ಟ ದಿನ ಅದನ್ನು ಬಿಚ್ಚಲು ಅವರು ಕೂತರೆ ಸಾಕು, ಅಲ್ಲಿಂದ ಅವರೂ ನಮ್ಮವರೇ.

ಕಷ್ಟವಾದದ್ದು ಬೆಸುಗೆಯಲ್ಲಿ. ಬಾಯ್ಲರಿಗೆ ಬಳಸುತ್ತಿದ್ದ ಬೆಳ್ಳಿ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇರುತ್ತಿತ್ತು. ಸುಮಾರು 610 ಡಿಗ್ರಿಗೇ ನೀರಾಗಿ ಸಂದಿಯೊಳಗೆ ಹರಿದುಬಿಡುತ್ತಿತ್ತು. ಅದರ ಹೊಗೆ ವಿಷ. ಯುರೋಪು 2011ರ ಕೊನೆಯಲ್ಲಿ ಅದನ್ನು ನಿಷೇಧಿಸಿದ್ದು ಸರಿಯಾದ ಕೆಲಸ. ಈಗಿನ ಬೆಸುಗೆ ಕರಗಲು 630ರಿಂದ 660 ಡಿಗ್ರಿ ಬೇಕು, ಅಷ್ಟು ಸಲೀಸಾಗಿ ಹರಿಯುವುದಿಲ್ಲ, ಬೆಳ್ಳಿಯ ಬೆಲೆಯಂತೂ ಕೇಳಬೇಡಿ. ಹಾಗಾಗಿ ಮನೆಯಲ್ಲಿ ಬಾಯ್ಲರು ಮಾಡುವವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಹಣ ಕೊಟ್ಟು ವೃತ್ತಿಯವರಿಂದ ಮಾಡಿಸುತ್ತಾರೆ.

ಆಮೇಲೆ ಕಲ್ಲಿದ್ದಲು. ವೇಲ್ಸಿನ ಸ್ಟೀಮ್ ಕೋಲ್ ಕಡಿಮೆ ಹೊಗೆಯಲ್ಲಿ ಉರಿಯುತ್ತದೆ, ಸಣ್ಣ ಟ್ಯೂಬುಗಳಲ್ಲಿ ಮಸಿ ಕಟ್ಟುವುದಿಲ್ಲ. ಮರ್ಥರ್ ಟಿಡ್ವಿಲ್ ಬಳಿಯ ಫೋಸ್-ಅ-ವ್ರಾನ್ ಗಣಿ 2023ರ ನವೆಂಬರಿನಲ್ಲಿ ನಿಂತ ಮೇಲೆ ಆ ಕಲ್ಲಿದ್ದಲಿನ ಕಾಲ ಮುಗಿಯಿತು. ಭೂಮಿ ಕಾಯುತ್ತಿರುವಾಗ ಗಣಿ ಮುಚ್ಚಬಾರದಿತ್ತು ಎಂದು ನಾನು ಹೇಳಲಾರೆ. ಬೇರೆ ಇಂಧನಕ್ಕೆ ಎಂಜಿನನ್ನು ಹೊಂದಿಸುವುದು ನಮ್ಮ ಜವಾಬ್ದಾರಿ. ಮೊಟ್ಟೆಯಾಕಾರದ ಕೃತಕ ಕಲ್ಲಿದ್ದಲನ್ನು ಒಡೆದು ಹಾಕಿ ನೋಡುತ್ತಿದ್ದೇವೆ. ಬೂದಿ ಜಾಸ್ತಿ, ಗಾಳಿಯ ಸೆಳೆತ ಜಾಸ್ತಿ ಬೇಕು. ಸಿಂಪ್ಲೆಕ್ಸಿಗೆ ಸರಳುಗಳ ನಡುವೆ ಹೆಚ್ಚು ಸಂದಿ ಬಿಟ್ಟ ಹೊಸ ಜಾಲರಿ ಮಾಡಿ ಹಾಕಿದೆ, ಈಗ ಏರಿನಲ್ಲೂ ಒತ್ತಡ ಇಳಿಯುವುದಿಲ್ಲ.

ಗುರುವಾರ ಸಂಜೆ ಕ್ಲಬ್ಬಿನ ಶೆಡ್ಡಿನಲ್ಲಿ ಒಬ್ಬಳು ನರ್ಸು ತನ್ನ ಮೊದಲ ಬಾಯ್ಲರು ಮಾಡುತ್ತಿದ್ದಾಳೆ. ತಗಡನ್ನು ಲೇಸರಿನಲ್ಲಿ ಕತ್ತರಿಸಿ ತರಿಸಿದ್ದಾಳೆ, ಅಂಚನ್ನು ಮಾತ್ರ ಸುತ್ತಿಗೆಯಿಂದಲೇ ಬಗ್ಗಿಸುತ್ತಿದ್ದಾಳೆ. ಹಿಂದಿನ ತಟ್ಟೆ ಮುಗಿದಿದೆ, ಟ್ಯೂಬು ಕೂರಿಸುವ ತಟ್ಟೆ ಅರ್ಧ ಆಗಿದೆ. ಮುಂದಿನ ವಾರ ಪ್ರೊಪೇನ್ ಸಿಲಿಂಡರ್ ತರುವ ಪಾಳಿ ನನ್ನದು.