ಹತ್ತು ಜನರ ಹುಲ್ಲುಕಡ್ಡಿ

'ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ' ಎಂಬುದು ಕನ್ನಡದ ಹಳೆಯ ಗಾದೆ. ಹತ್ತು ಮಂದಿ ಹಂಚಿಕೊಂಡರೆ ಹುಲ್ಲುಕಡ್ಡಿಯಷ್ಟು ಹಗುರವಾಗುವ ಕೆಲಸವು ಒಬ್ಬನ ಮೇಲೆಯೇ ಬಿದ್ದರೆ ತಲೆಹೊರೆಯಾಗುತ್ತದೆ ಎಂಬುದು ಇದರ ಒಂದು ಅರ್ಥ. ಇದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಹತ್ತು ಜನರು ಕೊಟ್ಟ ಕಡ್ಡಿಗಳ ಹೊರೆಯನ್ನು ಹೊತ್ತು ನಡೆಯುವವನು ಅದರ ಒಡೆಯನಲ್ಲ. ಆ ಹತ್ತು ಜನರಿಗೂ ಲೆಕ್ಕ ಒಪ್ಪಿಸಬೇಕಾದವನು.

ಬೆಳ್ತಂಗಡಿ ಮತ್ತು ಬಂಟ್ವಾಳದ ಕೃಷಿಕರಿಗೆ ಈ ಮಾತಿನ ಮರ್ಮ ಅನುಭವದಿಂದಲೇ ತಿಳಿದಿತ್ತು. ಪಶ್ಚಿಮ ಘಟ್ಟದ ಮಡಿಲಿನ ಈ ಸೀಮೆಯಲ್ಲಿ ಮಳೆಗಾಲದ ನೀರಿಗೆ ಬರವಿಲ್ಲ. ಆದರೆ ನೆಲ ಇಳಿಜಾರು. ಬಿದ್ದ ನೀರು ತೋಡುಗಳಲ್ಲಿ ಹರಿದು, ನೇತ್ರಾವತಿ, ಫಲ್ಗುಣಿ ನದಿಗಳನ್ನು ಸೇರಿ ಕಡಲ ಪಾಲಾಗುತ್ತದೆ. ಬೇಸಗೆಯಲ್ಲಿ ಅಡಕೆಯ ತೋಟ ಬಾಯಾರುತ್ತದೆ. ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯವೇ 'ಕಟ್ಟ'. ಮಳೆ ನಿಂತು ತೋಡಿನ ಸೆಳೆತ ತಗ್ಗಿದ ಮೇಲೆ, ಕಲ್ಲು, ಮಣ್ಣು, ಮರಗಳಿಂದ ಅದಕ್ಕೆ ಅಡ್ಡಲಾಗಿ ತಾತ್ಕಾಲಿಕ ಒಡ್ಡನ್ನು ಕಟ್ಟುತ್ತಿದ್ದರು. ನಿಂತ ನೀರು ಕಾಲುವೆಗಳಲ್ಲಿ ಹರಿದು ತೋಟಗದ್ದೆಗಳನ್ನು ತಣಿಸುತ್ತಿತ್ತು. ನೆಲಕ್ಕಿಳಿದು ಬಾವಿಗಳ ಒರತೆಯನ್ನು ಕಾಯುತ್ತಿತ್ತು. ಮರುವರ್ಷದ ಮಳೆಗೆ ಕಟ್ಟ ಕೊಚ್ಚಿಹೋಗುತ್ತಿತ್ತು. ಅದನ್ನು ಮತ್ತೆ ಕಟ್ಟಬೇಕಾಗುತ್ತಿತ್ತು. ಆ ನೀರಿನ ಫಲವನ್ನುಣ್ಣುವ ಮನೆಗಳು ದುಡಿಮೆಯನ್ನೋ ಸಾಮಗ್ರಿಯನ್ನೋ ಹಣವನ್ನೋ ತಮ್ಮ ಪಾಲಿಗೆ ತಕ್ಕಂತೆ ಕೊಡುತ್ತಿದ್ದವು. ಮುಂದಾಳಾದವನ ತೋಟಕ್ಕೂ ಅದೇ ನೀರು. ಕಟ್ಟ ಒಡೆದರೆ ಅವನ ಅಡಕೆಯೂ ಒಣಗುತ್ತಿತ್ತು.

ವಿದ್ಯುತ್ ಪಂಪುಗಳೂ ಕೊಳವೆಬಾವಿಗಳೂ ಬಂದ ಮೇಲೆ ಅನೇಕ ಕಟ್ಟಗಳು ನಿಂತುಹೋದವು. 'ನನ್ನ ನೀರು ನನಗಿದೆ, ತೋಡಿನ ಗೊಡವೆ ನನಗೇಕೆ?' ಎಂಬ ಭಾವನೆ ಬೆಳೆಯಿತು. ಆದರೆ ನೆಲದಡಿಯ ನೀರಿಗೆ ಬೇಲಿಯಿಲ್ಲ. ಒಬ್ಬನು ಆಳಕ್ಕೆ ಕೊರೆದರೆ ನೆರೆಯವನ ಬಾವಿ ಬತ್ತಬಹುದು. ಇದನ್ನರಿತ ಕೆಲವು ಊರುಗಳ ಜನರು ಈಚಿನ ವರ್ಷಗಳಲ್ಲಿ ಮತ್ತೆ ಕಟ್ಟಗಳ ಕಡೆಗೆ ತಿರುಗಿದ್ದಾರೆ.

ಹೊಣೆ ಹಂಚಿಕೊಳ್ಳುವ ರೀತಿಯನ್ನು ಅರಿಯಲು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ನೋಡಬಹುದು. ೧೪೩೦ರ ಸುಮಾರಿನಲ್ಲಿ ಕಟ್ಟಲಾದ ಈ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲವೆಂಬ ಮಾತು ಪ್ರಸಿದ್ಧವಾಗಿದೆ. ಕೆತ್ತನೆ ಬೇರೆ ಬೇರೆಯಾದರೂ ಮಾಡಿನ ಭಾರವನ್ನು ಹೊರುವ ಕೆಲಸ ಎಲ್ಲ ಕಂಬಗಳದೂ ಹೌದು. ಮುಂದೆ ನಿಂತು ಮೆಚ್ಚುಗೆ ಪಡೆಯುವ ಕಂಬಕ್ಕೂ ಅದರಿಂದ ಬಿಡುಗಡೆಯಿಲ್ಲ.

ನೀರಿಗೆ ಸಲ್ಲುವ ನ್ಯಾಯವೇ ಹಣಕ್ಕೂ ಸಲ್ಲುತ್ತದೆ. ೧೯೨೫ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾದ ಒಂದು ಬ್ಯಾಂಕು ೧೯೨೮ರಲ್ಲಿ 'ಪಿಗ್ಮಿ' ಠೇವಣಿಯನ್ನು ಆರಂಭಿಸಿತು. ಅದರ ಪ್ರತಿನಿಧಿಗಳು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಆ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಎರಡಾಣೆ ಕೊಟ್ಟವನಿಗೆ ಬ್ಯಾಂಕಿನ ಲೆಕ್ಕಪತ್ರ ಅರ್ಥವಾಗದಿರಬಹುದು. ಅವನು ಕೊಟ್ಟದ್ದು ಹಣವನ್ನಷ್ಟೇ ಅಲ್ಲ, ನಂಬಿಕೆಯನ್ನು. ಪರರ ಸಂಪತ್ತನ್ನು ನಿರ್ವಹಿಸುವವನು ಅದರ ಕಾವಲುಗಾರನೇ ಹೊರತು ಭೋಗಿಯಲ್ಲ. ಗಾಂಧೀಜಿಯವರು ಇನ್ನೂ ಮುಂದೆ ಹೋಗಿ, ಸಿರಿವಂತನು ತನ್ನ ಸಂಪತ್ತಿಗೂ ಸಮಾಜದ ಪರವಾಗಿ ಧರ್ಮದರ್ಶಿಯಾಗಿರಬೇಕೆಂದು ಬಯಸಿದರು.

ಈ ತತ್ತ್ವವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಅಮೆರಿಕ ದೇಶದ ಎರಡು ಕಂಪನಿಗಳ ಕಥೆ ನಿದರ್ಶನ. ಎನ್ರಾನ್ ಎಂಬ ಬೃಹತ್ ಸಂಸ್ಥೆಯ ಮುಖ್ಯಸ್ಥರು ಸಾಲವನ್ನು ಮರೆಮಾಚಿ ಲಾಭವನ್ನು ದೊಡ್ಡದಾಗಿ ತೋರಿಸಿದರು. ೨೦೦೧ರ ಡಿಸೆಂಬರ್‌ನಲ್ಲಿ ಸಂಸ್ಥೆ ದಿವಾಳಿಯಾದಾಗ ಸಾವಿರಾರು ನೌಕರರು ಕೆಲಸ ಕಳೆದುಕೊಂಡರು. ಕಂಪನಿಯ ಷೇರುಗಳಲ್ಲಿ ತೊಡಗಿಸಿದ್ದ ಅವರ ಮುಪ್ಪಿನ ಉಳಿತಾಯವೂ ಕರಗಿಹೋಯಿತು. ೨೦೦೮ರಲ್ಲಿ ಎ.ಐ.ಜಿ. ಎಂಬ ವಿಮಾ ಸಂಸ್ಥೆ ಕುಸಿಯತೊಡಗಿದಾಗ ಅದನ್ನು ಉಳಿಸಲು ಅಲ್ಲಿನ ಕೇಂದ್ರೀಯ ಬ್ಯಾಂಕು ಮೊದಲ ಹಂತದಲ್ಲಿಯೇ ೮,೫೦೦ ಕೋಟಿ ಡಾಲರುಗಳವರೆಗೆ ಸಾಲ ಒದಗಿಸಿತು. ಮರುವರ್ಷ ಅದೇ ಸಂಸ್ಥೆಯಲ್ಲಿ, ನಷ್ಟಕ್ಕೆ ಮುಖ್ಯ ಕಾರಣವಾದ ವಿಭಾಗದವರಿಗೇ ಸುಮಾರು ೧೬.೫ ಕೋಟಿ ಡಾಲರುಗಳ ಬೋನಸ್ಸು ಸಂದಿತು. ನೆರವಿನ ಹಣವು ಮುಂದೆ ಮರಳಿತಾದರೂ ಜನರ ಮನಸ್ಸಿನ ಗಾಯ ಮಾಯಲಿಲ್ಲ. ಲಾಭ ಬಂದಾಗ ಅದು ಕೆಲವರದು, ನಷ್ಟ ಬಂದಾಗ ಎಲ್ಲರದು ಎಂಬ ಈ ಕ್ರಮ, ಕಟ್ಟದ ನೀರನ್ನು ತಾನೊಬ್ಬನೇ ಬಳಸಿ, ಕಟ್ಟ ಒಡೆದಾಗ ಊರವರನ್ನು ಕರೆದಂತಾಯಿತು.

ದೋಷ ಮುಂದಾಳುಗಳದೇ ಎಂದು ಹೇಳಿ ಉಳಿದವರು ಕೈತೊಳೆದುಕೊಳ್ಳುವಂತಿಲ್ಲ. ಎನ್ರಾನಿನ ಷೇರಿನ ಬೆಲೆ ಏರುತ್ತಿದ್ದ ಕಾಲದಲ್ಲಿ ಲೆಕ್ಕ ಕೇಳಿದವರು ವಿರಳ. ಸಹಕಾರ ಸಂಘದ ಮಹಾಸಭೆಯಲ್ಲಿ ವರದಿಯನ್ನು ಓದದೆಯೇ ಕೈಯೆತ್ತುವ ಸದಸ್ಯನೂ, ಗ್ರಾಮಸಭೆಗೆ ಹೋಗದೆ ಪಂಚಾಯತಿಯನ್ನು ಹಳಿಯುವ ಪ್ರಜೆಯೂ ತಮ್ಮ ಪಾಲಿನ ಕಡ್ಡಿಯನ್ನು ಕೊಡದವರೇ. ಲೆಕ್ಕ ಕೇಳುವುದು ಅವಿಶ್ವಾಸದ ಗುರುತಲ್ಲ. ಅದು ಪಾಲುಗಾರನ ಕರ್ತವ್ಯ. ಕೇಳುವ ಮೊದಲೇ ಲೆಕ್ಕವನ್ನು ಮುಂದಿಡುವುದು ನಾಯಕನ ಕರ್ತವ್ಯ. ಶಾಲೆಯ ಪ್ರವಾಸಕ್ಕಾಗಿ ಸಹಪಾಠಿಗಳಿಂದ ಹಣ ಕೂಡಿಸುವ ವಿದ್ಯಾರ್ಥಿಗೂ, ಕೋಟಿಗಟ್ಟಲೆ ಹಣವಾಳುವ ಅಧ್ಯಕ್ಷನಿಗೂ ಈ ನಿಯಮ ಒಂದೇ.