ಗಿಳಿವಿಂಡು: ಎರಡು ರಾಜ್ಯಗಳು ಎತ್ತಿ ನಿಲ್ಲಿಸಿದ ಮನೆ

ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟ ಹೆದ್ದಾರಿ ತಲಪಾಡಿಯಲ್ಲಿ ರಾಜ್ಯದ ಗಡಿಯನ್ನು ದಾಟಿ, ಸ್ವಲ್ಪದರಲ್ಲೇ ಮಂಜೇಶ್ವರವನ್ನು ಸೇರುತ್ತದೆ. ಗಡಿಯ ಎರಡು ಮಗ್ಗುಲಲ್ಲೂ ಮನೆ ಕಟ್ಟುವ ರೀತಿ ಒಂದೇ: ಮುರಕಲ್ಲಿನ ಗೋಡೆ, ಮರದ ಪಕ್ಕಾಸು, ಹಂಚಿನ ಮಾಡು. ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳು (1883–1963) ಬಾಳಿದ ಮನೆ ಇರುವುದು ಈ ಊರಿನಲ್ಲಿ.

1949ರಲ್ಲಿ ಅವರಿಗೆ ರಾಷ್ಟ್ರಕವಿ ಪದವಿಯನ್ನಿತ್ತದ್ದು ಅಂದಿನ ಮದರಾಸು ಸರಕಾರ. 1956ರಲ್ಲಿ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಮನೆ ಇದ್ದಲ್ಲಿಯೇ ಇತ್ತು. ಗಡಿ ಅದರ ಉತ್ತರಕ್ಕೆ ಬಂದು ನಿಂತಿತು. ಕವಿ ತೀರಿಕೊಂಡ ಮೇಲೆ ಈ ಮನೆಯನ್ನು ಕಾಪಾಡುವ ಹೊಣೆ ಯಾರದೆಂಬ ಪ್ರಶ್ನೆ ಕಠಿಣವಾದದ್ದು ಇದರಿಂದಲೇ. ಕವಿಯ ಭಾಷೆ ಒಂದು ರಾಜ್ಯದ್ದು, ಮನೆಯ ನೆಲ ಇನ್ನೊಂದರದ್ದು. ಕುಪ್ಪಳಿಯ ಕವಿಮನೆಗೆ ಈ ತೊಡಕು ಇರಲಿಲ್ಲ.

ಮುರಕಲ್ಲಿನ ಮನೆ ಕಾಯುವುದನ್ನು ಅರಿಯದು. ವರ್ಷಕ್ಕೆ 3,000 ಮಿಲಿಮೀಟರನ್ನು ಮೀರುವ ಮಳೆಯಲ್ಲಿ ಒಂದು ಹಂಚು ಜಾರಿದರೆ ಪಕ್ಕಾಸು ನೆನೆಯುತ್ತದೆ. ನೆನೆದ ಮರವನ್ನು ಗೆದ್ದಲು ಹಿಡಿಯುತ್ತದೆ. ಮಾಡು ಕುಸಿದ ಮೇಲೆ ಗೋಡೆಯೂ ಕರಗುತ್ತದೆ. ಮೊದಲ ವರ್ಷ ಕೆಲವು ಹಂಚುಗಳಿಂದ ಮುಗಿಯುವ ಕೆಲಸ ಹತ್ತು ವರ್ಷಗಳಲ್ಲಿ ಒಂದು ಕುಟುಂಬದ ಶಕ್ತಿಯನ್ನು ಮೀರುತ್ತದೆ.

ಕೊನೆಗೆ ಕೇರಳ ಹಾಗೂ ಕರ್ನಾಟಕ ಸರಕಾರಗಳೆರಡೂ ನೆರವು ನೀಡಿದವು. ಹಳೆಯ ಮನೆ ಸ್ಮಾರಕವಾಯಿತು. ಆವರಣದಲ್ಲಿ ಸಭಾಂಗಣವೂ ಎದ್ದಿತು. 1930ರ ಕವನ ಸಂಕಲನದ ಹೆಸರಾದ ‘ಗಿಳಿವಿಂಡು’ ಈ ತಾಣದ ಹೆಸರಾಯಿತು. ಗಿಳಿಗಳ ಹಿಂಡು ಎಂದು ಅದರ ಅರ್ಥ. ಹಲವು ಭಾಷೆಗಳನ್ನು ಬಲ್ಲ ಕವಿಯ ಮನೆಗೆ ಒಪ್ಪುವ ಹೆಸರದು. ಅವರ ಗ್ರಂಥಸಂಗ್ರಹವನ್ನು ನೋಡಬಯಸುವ ಮಕ್ಕಳು ಮಾತ್ರ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೆ ಹೋಗಬೇಕು.

ಕಾಸರಗೋಡಿನ ಎಲ್ಲ ಹಳೆಯ ಮನೆಗಳಿಗೂ ರಾಷ್ಟ್ರಕವಿಯ ಹೆಸರಿನ ಬಲವಿಲ್ಲ. ಗುತ್ತು, ಬೀಡು, ತರವಾಡುಗಳ ಪಾಲುದಾರರು ಹತ್ತಾರು ಊರುಗಳಲ್ಲಿ ಚದರಿದ್ದಾರೆ. ಅವರೆಲ್ಲರ ಒಪ್ಪಿಗೆಯಿಲ್ಲದ ಆಸ್ತಿಗೆ ಸಾರ್ವಜನಿಕ ಹಣ ಹರಿಯುವುದು ಕಷ್ಟ. ಹೀಗಾಗಿ ನೆರವನ್ನು ಕೋರುವವರು ಮೊದಲು ಸಿದ್ಧಪಡಿಸಬೇಕಾದದ್ದು ಕಾಗದಪತ್ರಗಳನ್ನು: ಸ್ಪಷ್ಟವಾದ ಹಕ್ಕುಪತ್ರ, ಪಾಲುದಾರರ ಲಿಖಿತ ಸಮ್ಮತಿ, ಮನೆಯ ಅಳತೆಯ ನಕ್ಷೆ, ಈಗಿನ ಸ್ಥಿತಿಯ ಛಾಯಾಚಿತ್ರಗಳು, ಹಳೆಯ ಕೆಲಸವನ್ನು ಬಲ್ಲ ಮೇಸ್ತ್ರಿಯಿಂದ ವೆಚ್ಚದ ಅಂದಾಜು. ಮನೆಯನ್ನು ಮುಂದೆ ನೋಡಿಕೊಳ್ಳುವವರು ಯಾರೆಂಬುದನ್ನೂ ಅದರಲ್ಲಿ ಹೇಳಬೇಕು. ಧನಸಹಾಯ ಒಮ್ಮೆ ಬರುವಂಥದು, ಮಳೆ ಪ್ರತಿವರ್ಷದ್ದು.

ನಕ್ಷೆ ಬರೆಯುವುದೂ ಹಿರಿಯರ ನೆನಪುಗಳನ್ನು ದಾಖಲಿಸುವುದೂ ಶಾಲೆಯ ಮಕ್ಕಳಿಂದ ಆಗದ ಕೆಲಸಗಳಲ್ಲ. ಮಂಜೇಶ್ವರಕ್ಕೆ ಪ್ರವಾಸ ಹೋದ ತರಗತಿ ಹಿಂದಿರುಗಿ ತನ್ನ ಊರಿನ ಒಂದು ಹಳೆಯ ಮನೆಯನ್ನು ಅಳೆದರೆ, ಮುಂದೆ ಆ ಮನೆಗಾಗಿ ಬರೆಯುವ ಅರ್ಜಿಯ ಮೊದಲ ಪುಟ ಸಿದ್ಧವಾದಂತೆಯೇ.