ಗೋಡೆಗಳ ನಡುವೆ ಮೂವತ್ತು ಸುತ್ತು

ಮೊನಾಕೊ ಎಂಬ ದೇಶದ ಒಟ್ಟು ವಿಸ್ತೀರ್ಣ ಎರಡು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ನಮ್ಮ ದೇಲಂಪಾಡಿ ಪಂಚಾಯತಿನ ಒಂದು ಮೂಲೆಯಲ್ಲಿ ಅದನ್ನು ತಂದಿಟ್ಟರೆ ಹುಡುಕಲಿಕ್ಕೆ ಆಳು ಮಾಡಬೇಕಾದೀತು. ಒಂದು ಬದಿ ಕಡಲು, ಉಳಿದ ಬದಿಗಳಲ್ಲಿ ಫ್ರಾನ್ಸ್. ಗುಡ್ಡಕ್ಕೆ ಅಂಟಿಕೊಂಡ ಕಟ್ಟಡಗಳು, ಅವುಗಳ ನಡುವೆ ಹಾವಿನಂತೆ ಹರಿಯುವ ರಸ್ತೆ. ಈ ಪೇಟೆ ರಸ್ತೆಯಲ್ಲಿಯೇ 1929ರಲ್ಲಿ ಕಾರು ಓಟ ಆರಂಭವಾಯಿತು. ಓಟಕ್ಕೆಂದು ಕಟ್ಟಿದ ಮೈದಾನವಲ್ಲ. ವರ್ಷವಿಡೀ ಬಸ್ಸು ಓಡುವ, ಜನ ತರಕಾರಿ ಚೀಲ ಹಿಡಿದು ದಾಟುವ ಬೀದಿ. ಓಟದ ದಿನಗಳಿಗೆ ಎರಡೂ ಬದಿಗೆ ಉಕ್ಕಿನ ತಡೆಬೇಲಿ ಕಟ್ಟುತ್ತಾರೆ. ಒಂದು ಸುತ್ತಿಗೆ 3.337 ಕಿಲೋಮೀಟರು, 19 ತಿರುವು.

ಮುಳ್ಳೇರಿಯದಿಂದ ಅಡೂರಿಗೆ ಬಸ್ಸಿನಲ್ಲಿ ಬಂದವರಿಗೆ ತಿರುವಿನ ವಿಷಯ ನಾನು ವಿವರಿಸಬೇಕಾಗಿಲ್ಲ. ಎದುರಿನಿಂದ ಮರದ ಲಾರಿ ಬಂದರೆ ನಮ್ಮ ಬಸ್ಸಿನ ಚಾಲಕ ಒಂದು ಚಕ್ರವನ್ನು ಮಣ್ಣಿಗೆ ಇಳಿಸಿ ಮರ್ಯಾದೆ ಕೊಡುತ್ತಾನೆ. ಮೊನಾಕೊದಲ್ಲಿ ಇಳಿಸಲಿಕ್ಕೆ ಮಣ್ಣಿಲ್ಲ. ಅಲ್ಲಿನ ಒಂದು ಹಿಮ್ಮುರಿ ತಿರುವಿನಲ್ಲಿ ಜಗತ್ತಿನ ಅತಿ ವೇಗದ ಕಾರುಗಳು ಗಂಟೆಗೆ 50 ಕಿಲೋಮೀಟರಿಗೂ ಕಡಿಮೆಗೆ ಬರಬೇಕು. ಅದೊಂದಕ್ಕಾಗಿ ಚುಕ್ಕಾಣಿ ಹೆಚ್ಚು ತಿರುಗುವ ಹಾಗೆ ಬೇರೆಯೇ ಏರ್ಪಾಡು ಮಾಡಿಕೊಳ್ಳುತ್ತಾರೆ. ಮತ್ತೆ ಒಂದು ಸುರಂಗ. ಅದರ ಕತ್ತಲಿನಿಂದ ಬೆಳಕಿಗೆ ಚಿಮ್ಮುವಾಗ ವೇಗ 250ನ್ನು ಮೀರಿರುತ್ತದೆ. ಬಲಕ್ಕೆ ಬೇಲಿ, ಎಡಕ್ಕೆ ಬಂದರು. 1955ರಲ್ಲಿ ಆಸ್ಕಾರಿ ಎಂಬ ಇಟಲಿಯ ಓಟಗಾರ ಕಾರು ಸಮೇತ ಆ ನೀರಿಗೇ ಬಿದ್ದು, ಈಜಿ ಮೇಲೆ ಬಂದ.

ಬ್ಯಾಂಕಿನ ಗುಮಾಸ್ತನಿಗೆ ಇದರ ಹುಚ್ಚು ಎಲ್ಲಿಂದ ಹಿಡಿಯಿತೆಂದು ನೀವು ಕೇಳಬಹುದು. 1994ರ ಮೇ ತಿಂಗಳಲ್ಲಿ, ವಾಚನಾಲಯದ ಪತ್ರಿಕೆಯಲ್ಲಿ, ಆಯರ್ಟನ್ ಸೆನ್ನಾ ಎಂಬ ಬ್ರೆಜಿಲಿನ ಓಟಗಾರ ಇಮೋಲಾದಲ್ಲಿ ತೀರಿಕೊಂಡ ಸುದ್ದಿ ಓದಿದೆ. ಸತ್ತವನ ಬಗ್ಗೆ ತಿಳಿಯಹೊರಟು ಮೊನಾಕೊಕ್ಕೆ ತಲುಪಿದೆ. ಅವನು ಅಲ್ಲಿ ಆರು ಸಲ ಗೆದ್ದಿದ್ದ. 1992ರ ಗೆಲುವಂತೂ ವಿಚಿತ್ರ. ಆ ವರ್ಷದ ಮೊದಲ ಐದೂ ಓಟ ಗೆದ್ದಿದ್ದ ಮ್ಯಾನ್ಸೆಲ್ ಇಲ್ಲಿಯೂ ಮುಂದಿದ್ದ. ಕೊನೆಗೆ ಏಳೆಂಟು ಸುತ್ತು ಇರುವಾಗ ಚಕ್ರದ ಅನುಮಾನದಿಂದ ಒಳಗೆ ಹೋಗಿ ಹೊಸ ಟೈರು ಹಾಕಿಸಿಕೊಂಡು ಬರುವಷ್ಟರಲ್ಲಿ ಸೆನ್ನಾ ಮುಂದಾಗಿದ್ದ. ಸೆನ್ನಾನದು ಸವೆದ ಟೈರು, ನಿಧಾನದ ಕಾರು. ಮ್ಯಾನ್ಸೆಲ್ ಎಡಕ್ಕೆ ಬಂದ, ಬಲಕ್ಕೆ ಬಂದ, ಬಾಲಕ್ಕೆ ಮೂಗು ತಾಗಿಸುವಷ್ಟು ಹತ್ತಿರ ಬಂದ. ದಾಟಲಾಗಲಿಲ್ಲ. ಸೆಕೆಂಡಿನ ಐದನೇ ಒಂದು ಭಾಗದಷ್ಟು ಅಂತರದಲ್ಲಿ ಸೆನ್ನಾ ಗೆದ್ದ.

ಆದರೆ ನನಗೆ ಹೆಚ್ಚು ಕಾಡುವುದು ಅವನು ಸೋತ 1988ರ ಓಟ. ಹಿಂದಿನವನಿಗಿಂತ ಹತ್ತಿರಹತ್ತಿರ ಒಂದು ನಿಮಿಷ ಮುಂದಿದ್ದ. ಯಾರೂ ಅಟ್ಟಿಸಿಕೊಂಡು ಬರುತ್ತಿರಲಿಲ್ಲ. 78 ಸುತ್ತಿನಲ್ಲಿ 66 ಮುಗಿದಿತ್ತು. ಸುರಂಗಕ್ಕೆ ಮೊದಲಿನ ತಿರುವಿನಲ್ಲಿ ಬೇಲಿಗೆ ಬಡಿದ. ಕಾರು ಬಿಟ್ಟಿಳಿದು ಹತ್ತಿರದಲ್ಲೇ ಇದ್ದ ತನ್ನ ಮನೆಗೆ ನಡೆದು ಹೋದ. ದಿನಕ್ಕೆ ನೂರಾರು ಕಟ್ಟು ನೋಟು ಎಣಿಸುವ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕೌಂಟರಿನ ಎದುರು ಜಾತ್ರೆಯ ಹಾಗೆ ಜನ ಇದ್ದಾಗ ಎಣಿಕೆ ತಪ್ಪುವುದು ಕಡಿಮೆ. ಮೂರೂವರೆ ಗಂಟೆಗೆ, ಜನ ಹೋದ ಮೇಲೆ, ಫ್ಯಾನಿನ ಶಬ್ದ ಮಾತ್ರ ಇರುವಾಗ ಜಾಗ್ರತೆ ಬೇಕು.

ನಮ್ಮ ಕಡೆಯ ನಂಟೊಂದು ಆ ಬೀದಿಗೆ 2008ರಲ್ಲಿ ಬಂದಿತ್ತು. ಬಂಟ್ವಾಳ ಮೂಲದ ಮನೆತನದ ವಿಜಯ ಮಲ್ಯ ಕೊಂಡುಕೊಂಡು ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟ ತಂಡಕ್ಕೆ ಅದು ಮೊದಲ ವರ್ಷ. (ಬ್ಯಾಂಕಿನವನಾದ ನಾನು ಆ ಹೆಸರು ಹೇಳಿ ಬೇಗ ಮುಂದೆ ಹೋಗುವುದು ಒಳ್ಳೆಯದು.) ಮಳೆಯಲ್ಲಿ ಒಬ್ಬೊಬ್ಬರೇ ಜಾರಿ ಬಿದ್ದಂತೆ ಹಿಂದಿನ ಸಾಲಿನಿಂದ ಹೊರಟಿದ್ದ ಆಡ್ರಿಯನ್ ಸುಟಿಲ್ ನಾಲ್ಕನೆಯವನಾದ. ತಂಡಕ್ಕೆ ಆವರೆಗೆ ಒಂದು ಅಂಕವೂ ಸಿಕ್ಕಿರಲಿಲ್ಲ. ಇನ್ನು ಕೆಲವೇ ಸುತ್ತು ಎನ್ನುವಾಗ, ಸುರಂಗದಿಂದ ಹೊರಬಂದಲ್ಲಿ, ಹಿಂದಿನಿಂದ ಫೆರಾರಿಯ ರೈಕೊನೆನ್ ಹತೋಟಿ ತಪ್ಪಿ ಬಂದು ಗುದ್ದಿದ. ಸುಟಿಲ್ ಅತ್ತದ್ದನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದರು. ಮಾಡಿದ್ದು ಇನ್ನೊಬ್ಬ, ಅಳುವುದು ಇವನು.

ಇಷ್ಟು ಪೀಠಿಕೆ ಹಾಕಿದ್ದು 2025ರ ಮೇ 24ರ ಸಂಜೆಯ ಬಗ್ಗೆ ಹೇಳಲಿಕ್ಕೆ. ಅಂದು ನಾಲ್ಕನೇ ಶನಿವಾರ, ನಮಗೆ ರಜೆ. ಅಂದೇ ಕೇರಳಕ್ಕೆ ಮುಂಗಾರು ಪ್ರವೇಶಿಸಿತೆಂದು ಹವಾಮಾನ ಇಲಾಖೆ ಸಾರಿತ್ತು. ವಾಡಿಕೆಗಿಂತ ಎಂಟು ದಿನ ಮೊದಲು. ತೋಟದಲ್ಲಿ ಕಂಗುಗಳು ಬಾಗಿ ಬಾಗಿ ಏಳುತ್ತಿದ್ದವು, ಕರೆಂಟು ಮಧ್ಯಾಹ್ನವೇ ಹೋಗಿತ್ತು. ಮಗಳ ಮೊಬೈಲಿನಲ್ಲಿ ಅರ್ಧ ಬ್ಯಾಟರಿ ಇತ್ತು. ಅದರಲ್ಲಿ ನಾವಿಬ್ಬರು ಮೊನಾಕೊದ ಫಾರ್ಮುಲಾ 2 ಓಟ ನೋಡಿದೆವು.

ಫಾರ್ಮುಲಾ 2 ಎಂದರೆ ದೊಡ್ಡ ಓಟಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಅಲ್ಲಿ ಎಲ್ಲರಿಗೂ ಒಂದೇ ಮಾದರಿಯ ಚೌಕಟ್ಟು, ಒಂದೇ ಎಂಜಿನು. ವ್ಯತ್ಯಾಸ ಇರುವುದು ತಂಡದ ತಯಾರಿಯಲ್ಲಿ ಮತ್ತು ಓಡಿಸುವವನಲ್ಲಿ. ಅಂದು ಮೊದಲ ಜಾಗದಲ್ಲಿ ನಿಂತಿದ್ದವನು ಬೆಂಗಳೂರಿನ ಕುಶ್ ಮೈನಿ. 2000ನೇ ಇಸವಿಯಲ್ಲಿ ಹುಟ್ಟಿದ ಹುಡುಗ. 2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ರೇವಾ ಎಂಬ ಪುಟ್ಟ ಬ್ಯಾಟರಿ ಕಾರು ನೆನಪಿದ್ದರೆ, ಅದನ್ನು ಮಾಡಿದ ಚೇತನ್ ಮೈನಿ ಇವನ ಚಿಕ್ಕಪ್ಪ. ಅಣ್ಣ ಅರ್ಜುನ್ ಕೂಡ ಓಟಗಾರ.

ಮೊದಲ ಜಾಗದ ಗುಟ್ಟನ್ನೂ ಹೇಳಬೇಕು. ಇಲ್ಲಿ ವಾರಾಂತ್ಯದಲ್ಲಿ ಎರಡು ಓಟ. ಭಾನುವಾರದ ದೊಡ್ಡ ಓಟಕ್ಕೆ ಅರ್ಹತಾ ಸುತ್ತಿನಲ್ಲಿ ಬಂದ ಕ್ರಮದಲ್ಲೇ ನಿಲ್ಲುತ್ತಾರೆ. ಶನಿವಾರದ ಸಣ್ಣ ಓಟಕ್ಕೆ ಮೊದಲ ಹತ್ತು ಜನರನ್ನು ತಿರುವಿ ಹಾಕುತ್ತಾರೆ. ಹತ್ತನೆಯವನು ಮೊದಲು, ಮೊದಲನೆಯವನು ಹತ್ತನೆಯದಾಗಿ. ಕುಶ್ ಹತ್ತನೆಯವನಾಗಿದ್ದ.

ದೀಪ ಆರಿತು. ಮೊದಲ ತಿರುವಿಗೆ ಅವನೇ ಮೊದಲು ಹೊಕ್ಕ. ಅಲ್ಲಿಂದ ಮೂವತ್ತು ಸುತ್ತು, ಯಾರಿಗೂ ಜಾಗ ಕೊಡಲಿಲ್ಲ. ನೋಡುವವರಿಗೆ ಏನೂ ನಡೆಯದ ಹಾಗೆ ಕಾಣುತ್ತದೆ. ಮೂವತ್ತನ್ನು ಹತ್ತೊಂಬತ್ತರಿಂದ ಗುಣಿಸಿ ನೋಡಿ, 570 ತಿರುವು. ಒಂದೊಂದರಲ್ಲೂ ಬೇಲಿಗೆ ಒಂದು ಗೇಣು ಹತ್ತಿರ ಹೋಗಲೇಬೇಕು, ದೂರ ಉಳಿದರೆ ವೇಗ ಹೋಗುತ್ತದೆ. ನಡುನಡುವೆ ನಮ್ಮ ಚಿತ್ರ ನಿಂತುಬಿಡುತ್ತಿತ್ತು. ಪುನಃ ಬರುವಾಗ ಮೊದಲು ಯಾರ ಕಾರು ಎಂದು ಇಬ್ಬರೂ ತಲೆ ತಲೆ ತಾಗಿಸಿ ನೋಡುತ್ತಿದ್ದೆವು. ಅವನೇ. ಅವನು ಗೆದ್ದ. ಮೊನಾಕೊದಲ್ಲಿ ಈ ಓಟ ಗೆದ್ದ ಮೊದಲ ಭಾರತೀಯ. ಹಿಂದಿನ ವರ್ಷ ಹಂಗೇರಿಯ ಒಂದು ಗೆಲುವು ಅವನಿಗೆ ಸಿಕ್ಕಿತ್ತಾದರೂ ಅದು ಮುಂದಿದ್ದವನನ್ನು ಅನರ್ಹಗೊಳಿಸಿದ ಮೇಲೆ ಬಂದದ್ದು. ಇಲ್ಲಿ ಮೆಟ್ಟಿಲ ತುದಿಯಲ್ಲಿ ನಿಂತು ಜನಗಣಮನ ಕೇಳಿದ. ನಮ್ಮ ಮೊಬೈಲು ಮಾತ್ರ ಸರಿಯಾಗಿ ಅಷ್ಟು ಹೊತ್ತಿಗೆ ಕೈಕೊಟ್ಟಿತು.

ನಾನು ಹಾರಾಡುತ್ತಿದ್ದರೆ ಮಗಳು ಸುಮ್ಮನಿದ್ದಳು. ಆಮೇಲೆ, "ಹತ್ತನೆಯವನನ್ನು ತಂದು ಮೊದಲು ನಿಲ್ಲಿಸಿದ್ರೆ ಯಾರೂ ಗೆಲ್ತಾರಲ್ಲ ಅಪ್ಪ. ಅಲ್ಲಿ ದಾಟ್ಲಿಕ್ಕೇ ಆಗುದಿಲ್ಲ ಅಂತ ನೀವೇ ಹೇಳುದು" ಎಂದಳು.

ಅವಳ ಮಾತಿನ ಬೇರು ನನಗೆ ಗೊತ್ತಿತ್ತು. ಆಗ ಅವಳು ಪಿ.ಎಸ್.ಸಿ. ಪರೀಕ್ಷೆಗೆ ಓದುತ್ತಿದ್ದಳು. ಕಾಸರಗೋಡು ಜಿಲ್ಲೆಗೆ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆಗಳಿವೆಯಲ್ಲ, ಅದಕ್ಕೆ. ಇದನ್ನು ಓದುವ ಅರ್ಧದಷ್ಟು ಮನೆಗಳಲ್ಲಿ ಆ ಪಟ್ಟಿಯ ಮೇಲೆ ಕಣ್ಣಿಟ್ಟವರೊಬ್ಬರಾದರೂ ಇದ್ದಾರು. ತರಬೇತಿಗೆ ಹೋಗುವಲ್ಲಿ ಯಾರೋ, "ನಿಮಗೇನು, ಬೇರೆ ಪಟ್ಟಿ, ಸುಲಭ" ಎಂದಿದ್ದರಂತೆ. ಹೇಳಿದವರು ತಮಾಷೆಗೆ ಹೇಳಿರಬಹುದು. ಅವಳು ಮೂರು ದಿನ ಪುಸ್ತಕ ಮುಟ್ಟಿರಲಿಲ್ಲ. "ಆ ಪಟ್ಟಿಯಲ್ಲಿ ಸಿಕ್ಕಿದ್ರೆ ಅದು ಸಿಕ್ಕಿದ ಹಾಗೆಯಾ?" ಎಂದು ತಾಯಿಯ ಹತ್ತಿರ ಕೇಳಿದ್ದಳು.

ನಾನು ಮೊನಾಕೊದ ಮೇಲೆಯೇ ಮಾತಾಡಿದೆ. ತಿರುವಿ ಹಾಕುವ ಪದ್ಧತಿ ಎಲ್ಲ ಊರಿನ ಓಟಕ್ಕೂ ಉಂಟು, ಎಲ್ಲ ಸಲವೂ ಮೊದಲು ನಿಂತವನೇ ಗೆಲ್ಲುವುದಿಲ್ಲ. ಹತ್ತನೆಯವನಾಗಲಿಕ್ಕೂ 22 ಜನರಲ್ಲಿ 12 ಜನರನ್ನು ಹಿಂದೆ ಹಾಕಬೇಕು. ಮತ್ತೆ, ನಿಲ್ಲಲು ಕೊಟ್ಟ ಜಾಗ ಒಂದು, ಓಡಿದ 570 ತಿರುವು ಇನ್ನೊಂದು. ಎರಡನೆಯದನ್ನು ಅವನಿಗೆ ಯಾವ ನಿಯಮವೂ ಕೊಡಲಿಲ್ಲ. ಒಂದು ನಿಮಿಷ ಮುಂದಿದ್ದ ಸೆನ್ನಾ ಗೋಡೆಗೆ ಹೊಡೆದ ಬೀದಿ ಅದು.

"ಮತ್ತೆ ಆ ಒಂಬತ್ತು ಜನ?" ಎಂದಳು. "ಅವರು ಇವನಿಗಿಂತ ಬೇಗ ಓಡಿದವರಲ್ಲವಾ?"

ಒಳ್ಳೆಯ ಪ್ರಶ್ನೆ. ಅವರಿಗೆ ಭಾನುವಾರ ಉಂಟು ಎಂದೆ. ಅವರವರ ಜಾಗದಲ್ಲೇ ನಿಲ್ಲುತ್ತಾರೆ, ಅಂಕವೂ ಹೆಚ್ಚು. ಶನಿವಾರ ಗೆದ್ದವನಿಗೆ 10, ಭಾನುವಾರ ಗೆದ್ದವನಿಗೆ 25.

ಭಾನುವಾರ ಆದದ್ದು ಹೀಗೆ. ಮೊದಲ ಸಾಲಿನಲ್ಲಿದ್ದ ಡನ್ ಮತ್ತು ಮಾರ್ಟಿನ್ಸ್ ಇಬ್ಬರೂ ಮೊದಲ ತಿರುವನ್ನೇ ಬಿಟ್ಟುಕೊಡಲಿಲ್ಲ. ಒಬ್ಬರಿಗೊಬ್ಬರು ತಾಗಿ ಬೇಲಿಗೆ ಹೋದರು. ಹಿಂದಿನಿಂದ ಬಂದವರಿಗೆ ನಿಲ್ಲಲಿಕ್ಕೂ ಜಾಗವಿಲ್ಲ, ತಪ್ಪಿಸಲಿಕ್ಕೂ ಜಾಗವಿಲ್ಲ. ಒಂದರ ಮೇಲೊಂದು ಬಂದು, ರಸ್ತೆಯೇ ಮುಚ್ಚಿಹೋಯಿತು. ಕೆಂಪು ಬಾವುಟ ಬೀಸಿದರು. ಕೊನೆಗೆ ಗೆದ್ದವನು ಕುಶ್‌ನ ಜೊತೆಗಾರ, ಅದೇ ತಂಡದ ಕ್ರಾಫರ್ಡ್. ಇದನ್ನು ನನ್ನ ವಾದಕ್ಕೆ ಸಾಕ್ಷಿಯೆಂದು ನಾನು ತರಲಿಲ್ಲ. ವೇಗದವರು ಬಿದ್ದರೆಂದು ನಮ್ಮ ಗೆಲುವು ದೊಡ್ಡದಾಗುವುದಿಲ್ಲ.

ಸೋಮವಾರ ಶಾಖೆಯಲ್ಲಿ ಕಾಞಂಗಾಡಿನ ಗೆಳೆಯರೊಬ್ಬರು ಪತ್ರಿಕೆ ತೋರಿಸಿ, "ಇವ ನಿಮ್ಮವನಾ?" ಎಂದು ಮಲಯಾಳದಲ್ಲಿ ಕೇಳಿದರು. ಬೆಂಗಳೂರಿನವನು ಎಂದೆ. "ಹಾಗಾದ್ರೆ ನಿಮ್ಮವನೇ" ಎಂದು ಅವರೇ ತೀರ್ಮಾನಿಸಿ ಚಹಾ ತರಿಸಿದರು. ಕಾಸರಗೋಡಿನವರಾದ ನಮ್ಮನ್ನು ಬೆಂಗಳೂರಿನವರು ಅಷ್ಟು ಸಲೀಸಾಗಿ ತಮ್ಮವರೆಂದು ಒಪ್ಪಿದ್ದು ನನಗೆ ನೆನಪಿಲ್ಲ. ಇರಲಿ, ಚಹಾ ಚೆನ್ನಾಗಿತ್ತು.

ಈ ಸಂಚಿಕೆಯ ಓದುಗರಿಗೆ ಇನ್ನೊಂದು ಸಂಗತಿ ರುಚಿಸೀತು. ಮೊನಾಕೊದ ಆಡಳಿತ ಭಾಷೆ ಫ್ರೆಂಚ್. ಆದರೆ ಆ ಊರಿನವರದ್ದೇ ಆದ ಒಂದು ನುಡಿ ಉಂಟು, ಮೊನೆಗಾಸ್ಕ್. ಅಲ್ಲಿ ವಾಸಿಸುವವರಲ್ಲಿ ಮೂಲನಿವಾಸಿಗಳೇ ಅಲ್ಪಸಂಖ್ಯಾತರು. ಅವರಲ್ಲೂ ಆ ನುಡಿ ಆಡುವವರು ಕಡಿಮೆ. ಆದರೂ 1976ರಿಂದ ಅದನ್ನು ಶಾಲೆಯಲ್ಲಿ ಕಡ್ಡಾಯವಾಗಿ ಕಲಿಸುತ್ತಾರೆ. ಹಳೆಯ ಪೇಟೆಯ ಬೀದಿ ಫಲಕಗಳಲ್ಲಿ ಎರಡೂ ಭಾಷೆಗಳಿವೆ. ರಾಷ್ಟ್ರಗೀತೆ ಹಾಡುವುದೂ ಆ ಸಣ್ಣ ಭಾಷೆಯಲ್ಲಿ. 2024ರ ಮೇ 26ರಂದು ಅದೇ ಊರಿನ ಶಾರ್ಲ್ ಲೆಕ್ಲೆರ್ಕ್ ಅಲ್ಲಿನ ದೊಡ್ಡ ಓಟ ಗೆದ್ದಾಗ ಆ ರಾಷ್ಟ್ರಗೀತೆ ಮೊಳಗಿತು. 1931ರ ನಂತರ ಊರಿನವನೊಬ್ಬ ಗೆದ್ದದ್ದು ಅಂದೇ. ಹಿಂದೆ ಒಮ್ಮೆ ಅವನು ಮೊದಲ ಜಾಗ ಗಳಿಸಿಯೂ ಕಾರು ಕೆಟ್ಟು ಓಟ ಆರಂಭಿಸಲೇ ಆಗಿರಲಿಲ್ಲ. ಆ 2024ರ ಓಟದಲ್ಲಿ ಮೊದಲ ಹತ್ತು ಜನ ನಿಂತ ಕ್ರಮದಲ್ಲೇ ಮುಗಿಸಿದರು. ಬೇಸರದ ಓಟ ಎಂದು ಪತ್ರಿಕೆಗಳು ಬರೆದವು. ಅವರ ರಾಜಕುಮಾರ ಮಾತ್ರ ಕಣ್ಣೊರೆಸಿಕೊಂಡ.

ಆ ವಾರವಿಡೀ ಮಳೆ. ಒಂದು ರಾತ್ರಿ ಮೇಣದ ಬತ್ತಿಯ ಬೆಳಕಿನಲ್ಲಿ ಮಗಳು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಬಿಡಿಸುತ್ತಿದ್ದವಳು ಅದರ ಹಿಂಬದಿಗೆ ಮೊನಾಕೊದ ದಾರಿಯನ್ನು ಬರೆದು ನನ್ನ ಮುಂದಿಟ್ಟಳು. ಬಂದರು, ಸುರಂಗ, ಹಿಮ್ಮುರಿ ತಿರುವು, ಎಲ್ಲ ಇತ್ತು. ಇಬ್ಬರೂ ಸೇರಿ ತಿರುವು ಎಣಿಸಿದೆವು. ಎರಡು ಸಲ ಎಣಿಸಿದರೂ ಹದಿನೆಂಟೇ ಬಂತು. ಹತ್ತೊಂಬತ್ತನೆಯದು ಎಲ್ಲಿ ಬಿಟ್ಟುಹೋಯಿತೆಂದು ಕರೆಂಟು ಬರುವವರೆಗೂ ಹುಡುಕುತ್ತಿದ್ದೆವು.